ಐಯೆಲ್ಟ್ಸ್ ರೀಡಿಂಗ್ ಮತ್ತು ಲಿಸನಿಂಗ್‌ಗೆ ನಾನು ತಯಾರಿ ಮಾಡ್ಕೊಂಡಿದ್ದು ಹೀಗೆ

ಐಯೆಲ್ಟ್ಸ್ ಅಂದ್ರೆ ವಿದೇಶಕ್ಕೆ ಓದೋಕೆ, ಕೆಲಸಕ್ಕೆ ಹೋಗೋರು ಬರೆಯೋ ಇಂಗ್ಲಿಷ್ ಪರೀಕ್ಷೆ. ಅದರಲ್ಲಿ ಅಕಾಡೆಮಿಕ್ ಅನ್ನೋ ವಿಧಕ್ಕೆ ನಾನು ಕೋಚಿಂಗ್ ಸೇರ್ಲಿಲ್ಲ, ಮನೇಲೇ ಕೂತು ತಯಾರಿ ಮಾಡ್ಕೊಂಡೆ. ಎಲ್ಲಾ ಸೆಕ್ಷನ್‌ನಲ್ಲೂ ಬ್ಯಾಂಡ್ 7 (ಬ್ಯಾಂಡ್ ಅಂದ್ರೆ 9ರವರೆಗಿನ ಸ್ಕೋರ್) ಬೇಕಿತ್ತು, ರೀಡಿಂಗ್ ಲಿಸನಿಂಗ್ ಎರಡರಲ್ಲೂ ಅದಕ್ಕಿಂತ ಜಾಸ್ತೀನೇ ಬಂತು. ರೈಟಿಂಗ್ ಸ್ಪೀಕಿಂಗ್ ವಿಷಯ ಬೇರೆ, ಅದನ್ನ ಇಲ್ಲಿ ಎತ್ತಲ್ಲ. ಈ ಎರಡರ ಬಗ್ಗೆ ನಾನು ಗಟ್ಟಿಯಾಗಿ ನಂಬಿರೋದು ಏನಂದ್ರೆ, ದಿನಾ ಒಂದು ಮಾಕ್ ಟೆಸ್ಟ್ ಬರೆದು ಸ್ಕೋರ್ ನೋಡಿ ಮುಚ್ಚಿಡೋದ್ರಿಂದ ಏನೂ ಆಗಲ್ಲ, ಬರೆದಿರೋ ಒಂದೇ ಟೆಸ್ಟನ್ನ ಕೂತು ಪೂರ್ತಿ ಬಿಚ್ಚಿ ನೋಡಿದ್ರೆ ಮಾತ್ರ ಸ್ಕೋರ್ ಏರುತ್ತೆ.

ಮೊದಲು ಲೆಕ್ಕ ತಿಳ್ಕೊಳ್ಳಿ. ಎರಡರಲ್ಲೂ 40 ಪ್ರಶ್ನೆ, ಒಂದಕ್ಕೆ ಒಂದು ಮಾರ್ಕ್ಸ್, ನೆಗೆಟಿವ್ ಮಾರ್ಕಿಂಗ್ ಇಲ್ಲ. ಪೇಪರ್ ಕಷ್ಟ ಸುಲಭ ನೋಡ್ಕೊಂಡು ಸ್ವಲ್ಪ ಆಚೀಚೆ ಆಗುತ್ತೆ, ಆದ್ರೂ ಸುಮಾರಾಗಿ 23 ಸರಿಯಾದ್ರೆ ಬ್ಯಾಂಡ್ 6, 30 ಆದ್ರೆ 7, 35 ಆದ್ರೆ 8. (ಜನರಲ್ ಟ್ರೈನಿಂಗ್ ಅನ್ನೋ ಇನ್ನೊಂದು ವಿಧದ ರೀಡಿಂಗ್‌ಗೆ ಇದು ಅನ್ವಯ ಆಗಲ್ಲ, ಅಲ್ಲಿ 7 ಬರೋಕೆ 34 ಹತ್ರ ಬೇಕು.) ಅಂದ್ರೆ 6ರಿಂದ 7ಕ್ಕೆ ಹೋಗೋಕೆ ಬೇಕಾಗಿರೋದು ಏಳು ಉತ್ತರ ಅಷ್ಟೇ. ಇಂಗ್ಲಿಷ್ ಪೂರ್ತಿ ಸುಧಾರಿಸಬೇಕು ಅಂತ ಗಾಬರಿ ಆಗೋದ್ಕಿಂತ ನನ್ನ ಕೈತಪ್ಪಿ ಹೋಗ್ತಿರೋ ಆ ಏಳು ಯಾವುವು ಅಂತ ಹುಡುಕೋದು ಎಷ್ಟೋ ಸುಲಭ.

ಅದಕ್ಕೆ ಒಂದು ನೋಟ್‌ಬುಕ್ ಇಟ್ಕೊಂಡೆ. ತಪ್ಪಾದ ಪ್ರತಿ ಪ್ರಶ್ನೆಗೂ, ಪ್ರಶ್ನೇಲಿ ಯಾವ ಪದ ಇತ್ತು, ಪ್ಯಾಸೇಜಲ್ಲಿ ಅದನ್ನೇ ಯಾವ ಪದದಲ್ಲಿ ಹೇಳಿದ್ರು, ತಪ್ಪಿದ್ದು ಯಾಕೆ, ಮೂರೂ ಬರೀಬೇಕು. ಸರಿಯಾಗಿದ್ರೂ ಅಂದಾಜಲ್ಲಿ ಹೊಡೆದಿದ್ರೆ ಅದನ್ನೂ ಬರೀಬೇಕು, ಇದು ಮುಖ್ಯ, ಯಾಕಂದ್ರೆ ಅದೃಷ್ಟದ ಮಾರ್ಕ್ಸ್ ನಂಬ್ಕೊಂಡ್ರೆ ನಿಜವಾದ ಸ್ಕೋರ್ ಗೊತ್ತೇ ಆಗಲ್ಲ. ಸ್ವಲ್ಪ ದಿನದಲ್ಲೇ ಕಾರಣಗಳು ಮತ್ತೆ ಮತ್ತೆ ಅವೇ ಬರ್ತವೆ ಅಂತ ಕಾಣುತ್ತೆ. ಪದ ಗೊತ್ತಿಲ್ಲದೆ ತಪ್ಪಾಗೋದು ನಾವು ಅಂದ್ಕೊಂಡಿದ್ದಕ್ಕಿಂತ ಕಡಿಮೆ, ಗೊತ್ತಿರೋ ವಿಷಯವನ್ನೇ ಬೇರೆ ಪದದಲ್ಲಿ ಹೇಳಿದಾಗ ಗುರುತು ಸಿಗದೆ ತಪ್ಪಾಗೋದೇ ಜಾಸ್ತಿ. ನೋಟ್‌ಬುಕ್‌ನ ಮೊದಲ ಎರಡು ಕಾಲಂ ದಿನಾ ಓದ್ತಿದ್ರೆ ಸಾಕು, ವೊಕ್ಯಾಬುಲರಿ ಲಿಸ್ಟ್ ಅಂತ ಬೇರೆ ಬೇಕಾಗಲ್ಲ.

ರೀಡಿಂಗಲ್ಲಿ ಎಲ್ಲರನ್ನೂ ಕಾಡೋದು ಟ್ರೂ, ಫಾಲ್ಸ್, ನಾಟ್ ಗಿವನ್, ಅಂದ್ರೆ ಕೊಟ್ಟಿರೋ ಹೇಳಿಕೆ ಪ್ಯಾಸೇಜ್ ಪ್ರಕಾರ ಸರೀನಾ, ತಪ್ಪಾ, ಇಲ್ಲ ಅದರಲ್ಲಿ ಹೇಳೇ ಇಲ್ವಾ ಅಂತ ಆರಿಸೋ ಪ್ರಶ್ನೆ. ಪ್ಯಾಸೇಜಲ್ಲಿ ಹೀಗಿದೆ ಅಂದ್ಕೊಳ್ಳಿ: ಹೊಸ ಯಂತ್ರ ಬಂದ ಮೇಲೆ ಕಾರ್ಖಾನೆಯ ಉತ್ಪಾದನೆ ಎರಡು ಪಟ್ಟಾಯ್ತು, ಆದರೆ ಕೆಲಸಗಾರರ ಸಂಖ್ಯೆ ಮೊದಲಿನಷ್ಟೇ ಉಳೀತು. ಈಗ ‘ಯಂತ್ರ ಬಂದಿದ್ದರಿಂದ ಕೆಲಸಗಾರರು ಕಡಿಮೆಯಾದರು’ ಅಂದ್ರೆ ಫಾಲ್ಸ್, ಯಾಕಂದ್ರೆ ಅದಕ್ಕೆ ವಿರುದ್ಧವಾದ ಮಾತು ಪ್ಯಾಸೇಜಲ್ಲೇ ಇದೆ. ‘ಕಾರ್ಖಾನೆಯ ಲಾಭ ಹೆಚ್ಚಾಯಿತು’ ಅಂದ್ರೆ? ಉತ್ಪಾದನೆ ಎರಡು ಪಟ್ಟಾದ್ರೆ ಲಾಭ ಆಗಿರ್ಲೇಬೇಕಲ್ವಾ ಅಂತ ಮನಸ್ಸು ಹೇಳುತ್ತೆ, ಆದ್ರೆ ಲಾಭದ ಬಗ್ಗೆ ಒಂದು ಮಾತೂ ಇಲ್ಲ, ಅದು ನಾಟ್ ಗಿವನ್. ನಾನು ಇಟ್ಕೊಂಡಿದ್ದ ನಿಯಮ ಒಂದೇ: ಫಾಲ್ಸ್ ಅಂತ ಹಾಕೋ ಮುಂಚೆ, ಇದನ್ನ ಸುಳ್ಳು ಮಾಡೋ ಸಾಲು ಯಾವುದು ಅಂತ ಬೆರಳಿಟ್ಟು ತೋರಿಸೋಕೆ ಆಗ್ಬೇಕು. ಸಾಲು ಸಿಗ್ಲಿಲ್ವಾ, ನಾಟ್ ಗಿವನ್ ಹಾಕಿ ಮುಂದೆ ಹೋಗ್ತಾ ಇರೋದು, ಅಲ್ಲೇ ಐದು ನಿಮಿಷ ಹುಡುಕ್ತಾ ಕೂರೋದಲ್ಲ. ಜೊತೆಗೆ ಆಲ್, ಓನ್ಲಿ, ಮೋಸ್ಟ್, ಫಸ್ಟ್ ಇಂಥ ಸಣ್ಣ ಪದಗಳನ್ನ ಹೈಲೈಟ್ ಮಾಡ್ಕೊಳ್ಳಿ, ಸುಮಾರು ಸಲ ಇಡೀ ಉತ್ತರ ಅದರ ಮೇಲೇ ನಿಂತಿರುತ್ತೆ.

ಈ ಥರದ ಪ್ರಶ್ನೆಗಳ ಉತ್ತರ ಪ್ಯಾಸೇಜಲ್ಲಿ ಅದೇ ಕ್ರಮದಲ್ಲಿ ಬರುತ್ತೆ, ಹಾಗಾಗಿ ಎರಡನೇದು ಸಿಕ್ಕಿ ನಾಲ್ಕನೇದೂ ಸಿಕ್ರೆ ಮೂರನೇದು ಆ ನಡುವೆನೇ ಇರ್ಬೇಕು. ಆದ್ರೆ ‘ಈ ಮಾಹಿತಿ ಯಾವ ಪ್ಯಾರಾದಲ್ಲಿದೆ’ ಅನ್ನೋ ಪ್ರಶ್ನೆಗೆ ಕ್ರಮ ಇರಲ್ಲ, ಅದನ್ನ ನಾನು ಯಾವಾಗ್ಲೂ ಕೊನೆಗೆ ಮಾಡ್ತಿದ್ದೆ, ಅಷ್ಟೊತ್ತಿಗೆ ಪ್ಯಾಸೇಜ್ ಅರ್ಧ ಬಾಯಿಪಾಠ ಆಗಿರುತ್ತೆ. ಹೆಡಿಂಗ್ ಹೊಂದಿಸೋದ್ರಲ್ಲಿ ಪ್ಯಾರಾದಲ್ಲಿರೋ ಒಂದು ಪದ ಹೆಡಿಂಗಲ್ಲೂ ಇದೆ ಅಂತ ಆರಿಸ್ಬೇಡಿ, ಇಡೀ ಪ್ಯಾರಾ ಏನು ಹೇಳ್ತಿದೆ ನೋಡಿ.

ಟೈಮ್ ಒಂದು ಗಂಟೆ, ಮೂರು ಪ್ಯಾಸೇಜ್. 20, 20, 20 ಅಂತ ಹಂಚ್ಕೋಬೇಡಿ ಅಂತೀನಿ ನಾನು, ಮೂರನೇದು ಸಾಮಾನ್ಯವಾಗಿ ಗಟ್ಟಿ ಇರುತ್ತೆ, ನಾನು 15, 20, 25 ಮಾಡ್ಕೊಂಡಿದ್ದೆ.

ಇನ್ನು ಲಿಸನಿಂಗ್. ನಾಲ್ಕು ಪಾರ್ಟ್, ಸುಮಾರು 30 ನಿಮಿಷ, ಆಡಿಯೋ ಒಂದೇ ಸಲ ಪ್ಲೇ ಆಗೋದು. ಅದಕ್ಕೇ ಪ್ರ್ಯಾಕ್ಟೀಸಲ್ಲೂ ನಡುವೆ ಪಾಸ್ ಮಾಡ್ಲೇಬಾರದು. ಆದ್ರೆ ಉತ್ತರ ನೋಡಿದ ಮೇಲೆ ಅದೇ ಆಡಿಯೋನ ಎಷ್ಟು ಸಲ ಬೇಕಾದ್ರೂ ಕೇಳಿ, ನಾನಂತೂ ಒಂದೊಂದು ರೆಕಾರ್ಡಿಂಗನ್ನ ಬೇಜಾರಾಗೋವರೆಗೂ ಕೇಳಿದ್ದೀನಿ. ಮೊದಲು ಟೆಸ್ಟ್ ಥರ, ಆಮೇಲೆ ಸ್ಕ್ರಿಪ್ಟ್ ನೋಡದೆ ಇನ್ನೊಂದ್ಸಲ, ಆಮೇಲೆ ಸ್ಕ್ರಿಪ್ಟ್ ಮುಂದಿಟ್ಕೊಂಡು. ಸ್ಕ್ರಿಪ್ಟಲ್ಲಿ ಓದಿದ್ರೆ ಎಲ್ಲಾ ಗೊತ್ತಿರೋ ಪದಗಳೇ, ಕಿವಿಗೆ ಮಾತ್ರ ಬಿದ್ದಿರಲ್ಲ, ಯಾಕಂದ್ರೆ ಅವರು ಪದ ಪದ ಬಿಡಿಸಿ ಹೇಳಲ್ಲ, ‘ವಾಟ್ ಡು ಯು ವಾಂಟ್ ಟು’ ಅನ್ನೋದು ‘ವಾಟ್ಯುವಾನ’ ಅಂತ ಒಂದೇ ಉಸಿರಲ್ಲಿ ಹೋಗಿಬಿಡುತ್ತೆ. ಅಂಥ ಜಾಗ ಗುರುತು ಮಾಡ್ಕೊಂಡು ಅವರ ಜೊತೆಜೊತೆಗೇ ಜೋರಾಗಿ ಹೇಳ್ತಿದ್ದೆ. ಬಾಯಲ್ಲಿ ಹಾಗೆ ಹೇಳೋಕೆ ಬಂದ್ರೆ ಕಿವಿಗೂ ತಾನಾಗೇ ಕೇಳಿಸುತ್ತೆ, ಇದು ನನಗೆ ಸಿಕ್ಕ ಎಲ್ಲಕ್ಕಿಂತ ದೊಡ್ಡ ಉಪಾಯ.

ಪಾರ್ಟ್ ಒಂದು ಸುಲಭ ಅಂತಾರೆ, ಆದ್ರೆ ಮಾತು ಬದಲಾಯಿಸೋದು ಜಾಸ್ತಿ ಅಲ್ಲೇ. ‘ಹದಿನೈದನೇ ತಾರೀಕಿಗೆ ಬುಕ್ ಮಾಡಿ... ಇಲ್ಲ ಇಲ್ಲ, ಅವತ್ತು ಆಗಲ್ಲ, ಹದಿನೇಳು ಮಾಡಿ’ ಅಂತಾರೆ, ಹದಿನೈದು ಬರೆದು ಪೆನ್ ಕೆಳಗಿಟ್ಟೋರಿಗೆ ಮಾರ್ಕ್ಸ್ ಹೋಯ್ತು. ಸಂಖ್ಯೆ ಕೇಳಿದ ತಕ್ಷಣ ಬರೀರಿ, ಆದ್ರೆ ಮುಂದಿನ ಪ್ರಶ್ನೆಯ ವಿಷಯ ಶುರುವಾಗೋವರೆಗೂ ಅದನ್ನ ಖಾತ್ರಿ ಅಂದ್ಕೋಬೇಡಿ. ಥರ್ಟೀನ್ ಮತ್ತು ಥರ್ಟಿ, ಡಬಲ್ ಸೆವೆನ್, ಹೆಸರಿನ ಸ್ಪೆಲ್ಲಿಂಗಲ್ಲಿ ಜಿ ಮತ್ತು ಜೆ, ಇ ಮತ್ತು ಐ, ಇವನ್ನ ಯಾರಾದ್ರೂ ಸ್ನೇಹಿತರ ಹತ್ರ ಹೇಳಿಸ್ಕೊಂಡು ಬರೆದು ಅಭ್ಯಾಸ ಮಾಡಿ.

ಮ್ಯಾಪ್ ಪ್ರಶ್ನೇಲಿ ಮೊದಲು ‘ನೀವು ಈಗ ಇಲ್ಲಿದ್ದೀರ’ ಅನ್ನೋ ಜಾಗ ಹುಡುಕಿ, ಅಲ್ಲಿಂದ ಎಡ ಬಲ ಲೆಕ್ಕ ಹಾಕ್ಬೇಕು. ಪಾರ್ಟ್ ನಾಲ್ಕು ಒಬ್ಬರೇ ಮಾಡೋ ಲೆಕ್ಚರ್, ಒಂದು ಉತ್ತರ ತಪ್ಪಿಹೋದ್ರೆ ಅದನ್ನ ಅಲ್ಲೇ ಬಿಡಿ. ಹೋಗಿದ್ದನ್ನ ನೆನಪಿಸ್ಕೊಳ್ತಾ ಕೂತ್ರೆ ಹಿಂದೇನೇ ಇನ್ನೂ ಎರಡು ಹೋಗ್ತವೆ.

ಸ್ಪೆಲ್ಲಿಂಗ್ ತಪ್ಪಾದ್ರೆ ಉತ್ತರ ಗೊತ್ತಿದ್ದೂ ಮಾರ್ಕ್ಸ್ ಇಲ್ಲ. ನಾವು ಕನ್ನಡದಲ್ಲಿ ಹೇಳಿದ ಹಾಗೇ ಬರೆಯೋರು, ಅದೇ ಅಭ್ಯಾಸದಲ್ಲಿ ಅಕಾಮಡೇಷನ್ ಬರೆದ್ರೆ ಒಂದು ಸಿ, ಒಂದು ಎಂ ಬಿಟ್ಟೇ ಹೋಗುತ್ತೆ, ಎರಡೂ ಎರಡೆರಡು ಇರ್ಬೇಕು. ಗವರ್ನಮೆಂಟ್, ಎನ್ವಿರಾನ್‌ಮೆಂಟ್ ಒಳಗಿನ ಎನ್ ಕೂಡ ಹಾಗೇ. ಬ್ರಿಟಿಷ್ ಅಮೆರಿಕನ್ ಎರಡೂ ಸ್ಪೆಲ್ಲಿಂಗ್ ನಡೆಯುತ್ತೆ. ‘ಎರಡು ಪದಕ್ಕಿಂತ ಹೆಚ್ಚು ಬೇಡ’ ಅಂತ ಸೂಚನೆ ಇದ್ರೆ ಮೂರು ಪದ ಬರೆದಿದ್ದಕ್ಕೆ ಸೊನ್ನೆ, ಪೂರ್ತಿ ಸರಿ ಇದ್ರೂ.

ಪ್ರ್ಯಾಕ್ಟೀಸ್‌ಗೆ ಬ್ರಿಟಿಷ್ ಕೌನ್ಸಿಲ್ ಮತ್ತು ಐಡಿಪಿಯವರು ಫ್ರೀಯಾಗಿ ಕೊಡೋ ಸ್ಯಾಂಪಲ್ ಪೇಪರಿಂದಲೇ ಶುರು ಮಾಡಿ, ಈ ಟೆಸ್ಟ್‌ನ ಒಡೆತನದಲ್ಲಿ ಅವರಿಬ್ಬರೂ ಪಾಲುದಾರರು. ಎಲ್ಲೆಲ್ಲೋ ಸಿಗೋ ಪೇಪರ್‌ಗಳಲ್ಲಿ ಕೀ ಉತ್ತರಾನೇ ತಪ್ಪಿರುತ್ತೆ, ಅದನ್ನ ನಂಬಿ ನೋಟ್‌ಬುಕ್ ಬರೆದ್ರೆ ತಲೆ ಕೆಡುತ್ತೆ. ಕಂಪ್ಯೂಟರ್ ಟೆಸ್ಟ್ ತಗೊಳ್ಳೋದಾದ್ರೆ ಪ್ರ್ಯಾಕ್ಟೀಸೂ ಸ್ಕ್ರೀನ್ ಮೇಲೇ ಮಾಡಿ, ಯಾಕಂದ್ರೆ ಪೇಪರ್ ಟೆಸ್ಟಲ್ಲಿ ಲಿಸನಿಂಗ್ ಮುಗಿದ ಮೇಲೆ ಉತ್ತರ ಶೀಟಿಗೆ ಇಳಿಸೋಕೆ 10 ನಿಮಿಷ ಕೊಡ್ತಾರೆ, ಕಂಪ್ಯೂಟರಲ್ಲಿ ಚೆಕ್ ಮಾಡೋಕೆ 2 ನಿಮಿಷ ಮಾತ್ರ, ಕೇಳ್ತಾ ಕೇಳ್ತಾನೇ ಟೈಪ್ ಮಾಡ್ಬೇಕು. ಆ 2 ನಿಮಿಷದಲ್ಲಿ ನಾನು ನೋಡಿದ್ದು ಮೂರೇ: ಬಹುವಚನದ ಎಸ್ ಬಿಟ್ಟಿದ್ದೀನಾ, ಪದದ ಮಿತಿ ದಾಟಿದ್ದೀನಾ, ಯಾವ ಬಾಕ್ಸಾದ್ರೂ ಖಾಲಿ ಇದೆಯಾ. ಖಾಲಿ ಇದ್ರೆ ಏನಾದ್ರೂ ಒಂದು ಬರೆದೇ ಏಳಿ.