ನೋಡು ಪಡುವಣ

ಶಿರಸಿ ಕಡೆಯ ನಮ್ಮ ಮನೆಯಂಗಳದಲ್ಲಿ ಹರವಿದ ಚಾಲಿ ಅಡಿಕೆ (ಸಿಪ್ಪೆಸಮೇತ ಒಣಗಿಸಿ ಆಮೇಲೆ ಸುಲಿಯುವ ಹಣ್ಣಡಿಕೆ) 40–45 ದಿನ ಒಣಗಬೇಕು. ನಡುವೆ ಮಳೆ ಹೊಡೆದರೆ ಕಪ್ಪು ಹಿಡಿಯುತ್ತದೆ, ದರ ಇಳಿಯುತ್ತದೆ. ಅಪ್ಪ, ಆಯಿ ಹಗಲೆಲ್ಲ ಕೆಳಗೆ ತೋಟದಲ್ಲಿ. ಮರಗಳಡಿ ನಿಂತವರಿಗೆ ಮೋಡ ಏರಿದ್ದು ಗೊತ್ತಾಗುವುದಿಲ್ಲ. ಅದಕ್ಕೇ ಮಾಡಿನಂಚಿಗೆ ತಿರುಗುವ ಕ್ಯಾಮೆರಾ ಹಾಕಿಸಿದೆ. ಬೆಂಗಳೂರಿನಲ್ಲಿ ಕೂತು ಆಕಾಶ ಕಾಯುವ ಕೆಲಸ ನನ್ನದು.

ಮೊಬೈಲ್ ಆ್ಯಪ್ ವಾರದಲ್ಲೇ ಕೈಕೊಟ್ಟಿತು. ಊರಿನ ನೆಟ್ಟಿಗೆ ವಿಡಿಯೊ ಹೊರುವ ತ್ರಾಣವಿಲ್ಲ. ಆದರೆ ನಾಲ್ಕು ಸಾಲು ಅಕ್ಷರ ಹೋಗಿಬರಲು ಎಷ್ಟು ನೆಟ್ ಬೇಕು? ಕ್ಯಾಮೆರಾ ಆನ್‌ವಿಫ್‌ಗೆ ಒಗ್ಗುವಂಥದ್ದು. ಕ್ಯಾಮೆರಾ ಕಂಪನಿಗಳಾದ ಆಕ್ಸಿಸ್, ಬಾಷ್, ಸೋನಿ ಸೇರಿ 2008ರಲ್ಲಿ ಶುರುಮಾಡಿದ ಈ ಪದ್ಧತಿಯಿಂದಾಗಿ, ಅದನ್ನು ಒಪ್ಪಿದ ಯಾವ ಕಂಪನಿಯ ಕ್ಯಾಮೆರಾಕ್ಕಾದರೂ ಹೆಚ್ಚುಕಡಿಮೆ ಒಂದೇ ಬಗೆಯ ಅಕ್ಷರದ ಆಜ್ಞೆ ಸಾಕು. ಮನೆಯಲ್ಲಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇಟ್ಟೆ. ವೈರ್‌ಗಾರ್ಡ್ ಎಂಬ ಗುಪ್ತ ದಾರಿಯ (ವಿಪಿಎನ್) ಮೂಲಕ ಅದರೊಳಗೆ ಎಸ್‌ಎಸ್‌ಎಚ್, ಅಂದರೆ ದೂರದಿಂದಲೇ ಆಜ್ಞೆ ಟೈಪಿಸುವ ವ್ಯವಸ್ಥೆ. ರೂಟರ್‌ನಲ್ಲಿ ಕ್ಯಾಮೆರಾದ ಪೋರ್ಟನ್ನು, ಅಂದರೆ ಬಾಗಿಲನ್ನು, ಹೊರಗಿನ ಇಂಟರ್‌ನೆಟ್ಟಿಗೆ ತೆರೆದಿಡುವ ಧೈರ್ಯ ನನಗಿಲ್ಲ.

ಮೊದಲು ‘ಕಂಟಿನ್ಯುಯಸ್ ಮೂವ್’ ಎಂಬ ತಿರುಗಿಸುವ ಆಜ್ಞೆ ಬಳಸಿದೆ. ಅದು ಕೈಬಿಟ್ಟ ಕರುವಿನ ಹಾಗೆ: ‘ಸ್ಟಾಪ್’ ಅನ್ನುವವರೆಗೂ ಓಡುತ್ತದೆ. ಒಂದು ಮಧ್ಯಾಹ್ನ ತಿರುಗು ಅಂದೆ, ನಿಲ್ಲು ಅನ್ನುವಷ್ಟರಲ್ಲಿ ನೆಟ್ ಹೋಯಿತು. ಆಯಿ ಫೋನ್: “ತಮಾ, ಅದು ತನ್ನಷ್ಟಕ್ಕೇ ತಿರುಗ್ತಾ ಇದ್ದು!” ಆಮೇಲೆ ತಿರುಗಿಸುವುದು, ಅರೆ ಸೆಕೆಂಡು ಕಾಯುವುದು, ನಿಲ್ಲಿಸುವುದು ಮೂರನ್ನೂ ಪೈಯೊಳಗಿನ ಒಂದೇ ಸ್ಕ್ರಿಪ್ಟಿಗೆ (ಆಜ್ಞೆಗಳ ಪಟ್ಟಿಗೆ) ಸೇರಿಸಿದೆ. ಬೆಂಗಳೂರಿಗೂ ಊರಿಗೂ ನಡುವೆ ಏನಾದರೂ ಆಗಲಿ, ನಿಲ್ಲಿಸುವವನು ಮನೆಯಲ್ಲೇ ಇರುತ್ತಾನೆ. ದಿನವೂ ಬೇಕಾಗುವ ಜಾಗಗಳಿಗೆ ಅದೂ ಬೇಡವೆನಿಸಿ ಪ್ರಿಸೆಟ್ ಮಾಡಿದೆ, ಅಂದರೆ ಆ ದಿಕ್ಕುಗಳನ್ನು ಕ್ಯಾಮೆರಾದ ನೆನಪಿಗೇ ಹಾಕಿಟ್ಟೆ. ಪೈಯನ್ನು ನಡೆಸುವ ಲಿನಕ್ಸ್‌ಗೆ ಕನ್ನಡದ ಹೆಸರೂ ಆಗುತ್ತದೆ. ಹಾಗಾಗಿ ನನ್ನ ಸ್ಕ್ರಿಪ್ಟಿನ ಹೆಸರು ‘ನೋಡು’. ‘ನೋಡು ಅಂಗಳ’, ‘ನೋಡು ಗೇಟು’, ‘ನೋಡು ಪಡುವಣ’. ಕ್ಯಾಮೆರಾ ಅತ್ತ ತಿರುಗಿ, ನಿಂತು, ಒಂದೇ ಒಂದು ಫೋಟೊ ಕಳಿಸುತ್ತದೆ. ಮೋಡ ಕರಿಯೋ ಬಿಳಿಯೋ ತಿಳಿಯಲು ಅಷ್ಟು ಸಾಕು.

ನನ್ನನ್ನು ನಿಜಕ್ಕೂ ಕಾಡಿದ್ದು ಗಡಿಯಾರ. ಕರೆಂಟ್ ಹೋಗಿ ಬಂದಾಗಲೆಲ್ಲ ‘ಅನುಮತಿ ಇಲ್ಲ’ ಎಂಬ ಉತ್ತರ. ಎರಡು ರಾತ್ರಿ ಪಾಸ್‌ವರ್ಡ್ ಬದಲಿಸುತ್ತಾ ಕೂತೆ. ಪಾಸ್‌ವರ್ಡ್ ಸರಿಯೇ ಇತ್ತು. ಆನ್‌ವಿಫ್ ಪಾಸ್‌ವರ್ಡನ್ನು ಹಾಗೇ ಕಳಿಸದೆ, ಆ ಹೊತ್ತಿನ ಸಮಯವನ್ನೂ ಪ್ರತಿಸಲ ಬದಲಾಗುವ ಒಂದು ಸಂಖ್ಯೆಯನ್ನೂ ಬೆರೆಸಿ ಹ್ಯಾಶ್ ಮಾಡಿ (ಮತ್ತೆ ಬಿಡಿಸಲಾಗದ ಗುರುತಾಗಿಸಿ) ಕಳಿಸುತ್ತದೆ. ನಮ್ಮ ಕ್ಯಾಮೆರಾ ಕರೆಂಟ್ ಹೋದಾಗ ತಾರೀಖು ಮರೆತು 2000ಕ್ಕೆ ಹೋಗಿ ಕೂತಿರುತ್ತಿತ್ತು. ವರ್ಷಗಳಾಚೆಯಿಂದ ಬಂದವನ ಹಾಗೆ ಕಂಡ ನನ್ನನ್ನು ಅದು ಹೇಗೆ ನಂಬೀತು? ಪುಣ್ಯಕ್ಕೆ, ಅದರ ಸಮಯ ಎಷ್ಟೆಂದು ಕೇಳಲು ಪಾಸ್‌ವರ್ಡ್ ಬೇಡ. ಈಗ ಸ್ಕ್ರಿಪ್ಟ್ ಮೊದಲು ಗಂಟೆ ಕೇಳಿ, ಅದೇ ಸಮಯ ಹಾಕಿ ಮಾತಾಡುತ್ತದೆ. ಜೊತೆಗೆ ಪೈಯನ್ನೇ ಸರಿ ಸಮಯ ಹೇಳುವ ಎನ್‌ಟಿಪಿ ಸರ್ವರ್ ಮಾಡಿ ಕ್ಯಾಮೆರಾಕ್ಕೆ ಕೊಟ್ಟಿದ್ದೇನೆ.

ಕಳೆದ ಸುಗ್ಗಿಯಲ್ಲಿ ಎರಡು ಸಲ ಹೊತ್ತಿಗೆ ಸರಿಯಾಗಿ ಫೋನ್ ಮಾಡಿ ತಾಡಪಾಲು ಮುಚ್ಚಿಸಿದೆ. ಮೂರನೇ ಸಲ ಪಡುವಣ ಪೂರ್ತಿ ಬೆಳ್ಳಗೆ ಮಂಜು ಕವಿದ ಹಾಗೆ ಕಂಡಿತು. ಗಾಬರಿಯಾಗಿ ಫೋನ್ ಮಾಡಿದರೆ ಊರಲ್ಲಿ ರಣಬಿಸಿಲು. ರಾತ್ರಿ ಇನ್‌ಫ್ರಾರೆಡ್ ಬೆಳಕಿಗೆ ಹುಳ ಬಂದು, ಹುಳಕ್ಕೆ ಜೇಡ ಬಂದು, ಗಾಜಿನ ಮೇಲೇ ಬಲೆ ಕಟ್ಟಿತ್ತು. ಅದಕ್ಕೆ ಯಾವ ಆಜ್ಞೆಯೂ ಇಲ್ಲ. ಆಯಿಯೇ ಕಸಬರಿಗೆ ತಂದಳು.