ನಮ್ಮ ಮನೆ ಸೋಲಾರ್: ಮಾರೋದಕ್ಕೆ ಒಂದು ಲೆಕ್ಕ, ಕರೆಂಟ್ ಹೋದಾಗ ಇನ್ನೊಂದು ಲೆಕ್ಕ

ತೀರ್ಥಹಳ್ಳಿ ತಾಲೂಕಿನಲ್ಲಿ ನಮ್ಮದು ಅಡಿಕೆ ತೋಟದ ಮನೆ. 2024ರ ಕೊನೆಯಲ್ಲಿ ತಾರಸಿ ಮೇಲೆ ಸೋಲಾರ್ ಹಾಕಿಸಿದೆವು. ಮರುವರ್ಷ ಏಪ್ರಿಲ್‌ನ ಒಂದು ಮಧ್ಯಾಹ್ನ, ನೆತ್ತಿ ಸುಡುವ ಬಿಸಿಲು. ಅತ್ತೆ ಚಟ್ನಿಗೆ ಕಾಯಿ ಹಾಕಿ ಮಿಕ್ಸಿ ಒತ್ತಿದರು. ತಿರುಗಲಿಲ್ಲ. ಕರೆಂಟ್ ಹೋಗಿತ್ತು.

"ಇದೆಂತದೇ? ಮೇಲೆ ಇಷ್ಟು ಬಿಸಿಲಿದೆ, ಅಷ್ಟು ದುಡ್ಡು ಸುರಿದಿದ್ದೀರಿ. ಮಿಕ್ಸಿ ಯಾಕೆ ತಿರುಗಲ್ಲ?"

ಉತ್ತರ ನನಗೂ ಗೊತ್ತಿರಲಿಲ್ಲ. ಓಡಿಹೋಗಿ, ಪ್ಯಾನಲ್‌ನ ಕರೆಂಟನ್ನು ಮನೆಯ ಬಳಕೆಗೆ ಒಗ್ಗಿಸುವ ಇನ್ವರ್ಟರ್ ನೋಡಿದರೆ ಕೆಂಪು ದೀಪ. ಆರು ಪ್ಯಾನಲ್ ಬಿಸಿಲಲ್ಲಿ ಸುಮ್ನೆ ಮಲಗಿದ್ದವು.

ಆಮೇಲೆ ತಿಳಿಯಿತು. ನಾವು ಹಾಕಿಸಿದ್ದು ಆನ್‌ಗ್ರಿಡ್. ಹೊರಗಿನ ಲೈನಿನಲ್ಲಿ ಕರೆಂಟ್ ಇದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಲೈನ್ ಸತ್ತ ತಕ್ಷಣ ತಾನೂ ನಿಲ್ಲಬೇಕು, ಅದು ಕಡ್ಡಾಯ. ನಿಲ್ಲದಿದ್ದರೆ ನಮ್ಮ ಮನೆಯ ಕರೆಂಟ್ ಹೊರಗಿನ ತಂತಿಗೆ ಹೋಗುತ್ತದೆ. ಲೈನ್ ಆಫ್ ಆಗಿದೆ ಅಂತ ನಂಬಿ ಕಂಬ ಹತ್ತಿದ ಲೈನ್‌ಮನ್‌ನ ಜೀವ ಹೋಗಬಹುದು. ಇದು ಗೊತ್ತಾದ ಮೇಲೆ ಆ ಕೆಂಪು ದೀಪದ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆದರೆ ಹಾಕಿಸುವ ಮೊದಲು ಯಾರೂ ಇದನ್ನು ನಮಗೆ ಹೇಳಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಲೆಕ್ಕ. ನಮ್ಮ ಮನೆಗೆ ತಿಂಗಳಿಗೆ ಸುಮಾರು 270 ಯೂನಿಟ್ ಬೇಕು. ಬಾವಿಯ ಪಂಪ್, ಫ್ರಿಜ್, ವಾಷಿಂಗ್ ಮೆಷಿನ್, ಮಳೆಗಾಲದಲ್ಲಿ ಗೀಸರ್. 200 ದಾಟುವುದರಿಂದ ಗೃಹಜ್ಯೋತಿ ಸಿಗುವುದಿಲ್ಲ, ಪೂರ್ತಿ ಬಿಲ್ ನಮ್ಮದೇ. 2025-26ರಲ್ಲಿ ಯೂನಿಟ್‌ಗೆ 5.80 ರೂಪಾಯಿ, ಮೇಲೆ ಕಿಲೋವ್ಯಾಟ್‌ಗೆ 145 ರೂಪಾಯಿ ನಿಗದಿತ ಶುಲ್ಕ, ತೆರಿಗೆ ಇತ್ತು. ಎಲ್ಲ ಸೇರಿ ಎರಡು ಸಾವಿರ ದಾಟುತ್ತಿತ್ತು. ನಿಮ್ಮ ಮನೆಗೆ ಈಗಾಗಲೇ ಶೂನ್ಯ ಬಿಲ್ ಬರುತ್ತಿದ್ದರೆ ದುಡ್ಡು ಉಳಿಸೋಕೆ ಅಂತ ಸೋಲಾರ್ ಹಾಕಿಸಬೇಡಿ. ಉಳಿಸೋಕೆ ಅಲ್ಲಿ ಏನೂ ಇಲ್ಲ. ಕರೆಂಟ್ ಹೋದಾಗಿನ ಚಿಂತೆಗೆ ಒಂದು ಮಾಮೂಲಿ ಯುಪಿಎಸ್, ಬ್ಯಾಟರಿ ಸಾಕು.

ನಾವು ಹಾಕಿಸಿದ್ದು 540 ವ್ಯಾಟ್‌ನ ಆರು ಪ್ಯಾನಲ್, ಅಂದರೆ 3.24 ಕಿಲೋವ್ಯಾಟ್. ಖರ್ಚು 1,95,000 ರೂಪಾಯಿ. ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ಸಬ್ಸಿಡಿ ಖಾತೆಗೆ ಬಂತು. ಮೂರರ ಮೇಲೆ ಎಷ್ಟು ಹಾಕಿದರೂ ಅಷ್ಟೇ. ಪ್ಯಾನಲ್ ಮಾತ್ರ ಡಿಸಿಆರ್ ಇರಬೇಕು, ಅಂದರೆ ಸೆಲ್ ಕೂಡ ನಮ್ಮ ದೇಶದಲ್ಲೇ ತಯಾರಾಗಿರಬೇಕು. ಅದಕ್ಕೆ ಸ್ವಲ್ಪ ಜಾಸ್ತಿ ಬೆಲೆ. ಕೊಟೇಶನ್‌ನಲ್ಲಿ ಈ ಮಾತನ್ನು ಬರೆಸಿಕೊಳ್ಳಿ.

ಇನ್ನೊಂದು ಎಚ್ಚರ. ಎರಡೂ ಕಡೆ ಎಣಿಸುವ ಹೊಸ ಮೀಟರ್, ಅಂದರೆ ನೆಟ್ ಮೀಟರ್, ಕೂರುವ ಮುಂಚೆ ಸಿಸ್ಟಮ್ ಆನ್ ಮಾಡಬೇಡಿ. ಹಳೆ ಡಿಜಿಟಲ್ ಮೀಟರ್ ಹೊರಗೆ ಹೋದ ಯೂನಿಟ್ಟನ್ನೂ ಬಳಕೆ ಅಂತಲೇ ಎಣಿಸಿಬಿಡಬಹುದು. ಕೊಟ್ಟದ್ದಕ್ಕೂ ನೀವೇ ದುಡ್ಡು ಕಟ್ಟಬೇಕಾಗುತ್ತದೆ.

ಹೊಸ ಮೀಟರಿನ ಪರದೆಯಲ್ಲಿ ಒಳಗೆ ಬಂದದ್ದು, ಹೊರಗೆ ಹೋದದ್ದು ಬೇರೆ ಬೇರೆ ಕಾಣುತ್ತದೆ. ತಿಂಗಳ ಒಂದನೇ ತಾರೀಕು ಹಾಲಿನ ಲೆಕ್ಕದ ಪುಸ್ತಕದಲ್ಲೇ ಬರೆದಿಡುತ್ತೇನೆ. ಮಾರ್ಚ್‌ನಲ್ಲಿ ಪ್ಯಾನಲ್ ಕೊಟ್ಟದ್ದು 420 ಯೂನಿಟ್. ಅದರಲ್ಲಿ 120 ಹಗಲು ನಾವೇ ಬಳಸಿದೆವು, 300 ಹೊರಗೆ ಹೋಯಿತು. ರಾತ್ರಿಗೆ 150 ಒಳಗೆ ಬಂತು. ಕಳೆದರೆ 150 ಯೂನಿಟ್ ನಮ್ಮದೇ ಮಿಗತೆ. ಜುಲೈನಲ್ಲಿ ಪ್ಯಾನಲ್ ಕೊಟ್ಟದ್ದು ಬರೀ 165. ಹೊರಗೆ 55, ಒಳಗೆ 160. ನಾವೇ 105 ಯೂನಿಟ್‌ಗೆ ದುಡ್ಡು ಕಟ್ಟಿದೆವು.

ಈ ಎರಡು ತಿಂಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ. ಮಾರ್ಚ್‌ನ 150 ಯೂನಿಟ್ ಜುಲೈಗೆ ಉಳಿದಿದ್ದರೆ ಎಷ್ಟು ಚೆನ್ನಾಗಿತ್ತು, ಅಲ್ವಾ? ಉಳಿಯುವುದಿಲ್ಲ. ನಮ್ಮ ಬಿಲ್ಲಿನಲ್ಲಿ ಲೆಕ್ಕ ತಿಂಗಳು ತಿಂಗಳಿಗೇ ಮುಗಿಯುತ್ತದೆ. ಮಿಕ್ಕ ಯೂನಿಟ್‌ಗೆ ವಿದ್ಯುತ್ ಕಂಪನಿಯ ಜೊತೆ ಮಾಡಿಕೊಂಡ ಒಪ್ಪಂದದ ದರದಲ್ಲಿ ದುಡ್ಡು ಬರುತ್ತದೆ. ಆ ದರ ನಾವು ಕೊಳ್ಳುವ ದರದ ಸುಮಾರು ಅರ್ಧ. 25 ವರ್ಷ ಕಳೆಯುವವರೆಗೂ ಅದೇ ದರ, ಏರುವುದಿಲ್ಲ. 2013ರಲ್ಲಿ ರಾಜ್ಯದ ವಿದ್ಯುತ್ ದರ ಗೊತ್ತುಮಾಡುವ ಆಯೋಗ ಕೆಇಆರ್‌ಸಿ, ಸಬ್ಸಿಡಿ ಪಡೆಯದವರಿಗೆ ಯೂನಿಟ್‌ಗೆ 9.56, ಪಡೆದವರಿಗೆ 7.20 ರೂಪಾಯಿ ಇಟ್ಟಿತ್ತು. ಆಗ ತಾರಸಿ ತುಂಬ ಹಾಕಿಸಿದವರಿಗೆ ಅದು ನಿಜವಾದ ಆದಾಯ. ಈಗಲೂ ಆ ಕಥೆ ಕೇಳಿ ದೊಡ್ಡದು ಹಾಕಿಸುವವರಿದ್ದಾರೆ. ದಯವಿಟ್ಟು ಬೇಡ. ನಿಮ್ಮ ಬಳಕೆಗೆ ಸರಿಹೊಂದುವಷ್ಟು ಹಾಕಿಸಿ. ಬಳಸಿ ಉಳಿಸಿದ ಯೂನಿಟ್‌ಗೆ ಪೂರ್ತಿ ಬೆಲೆ, ತಿಂಗಳ ಕೊನೆಗೆ ಮಿಕ್ಕು ಮಾರಿದ್ದಕ್ಕೆ ಅರ್ಧ ಬೆಲೆ. ನಮ್ಮ ಲೆಕ್ಕದಲ್ಲಿ ಪ್ಯಾನಲ್‌ಗೆ ಹಾಕಿದ ದುಡ್ಡು ಆರು ವರ್ಷದಲ್ಲಿ ವಾಪಸ್ ಬರುತ್ತದೆ.

ಮಿಕ್ಸಿ ತಿರುಗದ ಮಧ್ಯಾಹ್ನದ ನಂತರ ಮೇ ತಿಂಗಳಲ್ಲಿ ಅರ್ಜಿ ಕೊಟ್ಟು, ಒಪ್ಪಿಗೆ ಪಡೆದು, ಇನ್ವರ್ಟರ್ ಬದಲಿಸಿದೆವು. ಈ ಸಲ ಹೈಬ್ರಿಡ್, ಅಂದರೆ ಲೈನ್ ಸತ್ತಾಗ ಹೊರಗಿನ ತಂತಿಯಿಂದ ಬಿಡಿಸಿಕೊಂಡು ಬ್ಯಾಟರಿ, ಪ್ಯಾನಲ್‌ನಿಂದ ಮನೆಗೆ ಮಾತ್ರ ಕರೆಂಟ್ ಕೊಡುವಂಥದ್ದು. ಜೊತೆಗೆ 51.2 ವೋಲ್ಟ್, 100 ಆಂಪಿಯರ್ ಅವರ್‌ನ ಲಿಥಿಯಂ ಬ್ಯಾಟರಿ, ಅಂದರೆ ಐದು ಯೂನಿಟ್ ಹಿಡಿಯುವಂಥದ್ದು. 1,60,000 ರೂಪಾಯಿ. ಬ್ಯಾಟರಿಗೆ ಸಬ್ಸಿಡಿ ಇಲ್ಲ. ಮೊದಲೇ ಹೈಬ್ರಿಡ್ ಹಾಕಿಸಿದ್ದರೆ ಒಂದು ಇನ್ವರ್ಟರಿನ ದುಡ್ಡು ಉಳಿಯುತ್ತಿತ್ತು. ಬ್ಯಾಟರಿ ಈಗಲೇ ಬೇಡ ಅನ್ನುವವರೂ ಮುಂದೆ ಬೇಕಾಗಬಹುದು ಅನಿಸಿದರೆ ಮೊದಲ ದಿನವೇ ಹೈಬ್ರಿಡ್ ಇನ್ವರ್ಟರ್ ಕೇಳಿ.

ಇಲ್ಲೇ ನಾನು ಅತಿ ಹೆಚ್ಚು ಕಲಿತದ್ದು. ಹಾಕಿಕೊಟ್ಟವರು ಇನ್ವರ್ಟರನ್ನು ಕಂಪನಿಯಿಂದ ಬಂದ ಸೆಟ್ಟಿಂಗ್‌ನಲ್ಲೇ ಬಿಟ್ಟು ಹೋಗಿದ್ದರು. ಹಗಲು ಬ್ಯಾಟರಿ ತುಂಬುವುದು, ಸಂಜೆಯಿಂದ ಮನೆಗೆ ಅದನ್ನೇ ಖರ್ಚು ಮಾಡುವುದು. ಮೊಬೈಲಿನಲ್ಲಿ ನೋಡಿದರೆ ಬಹಳ ಜಾಣತನದ ಕೆಲಸದ ಹಾಗೆ ಕಾಣುತ್ತಿತ್ತು. ಜೂನ್‌ನ ಒಂದು ರಾತ್ರಿ ಒಂಬತ್ತಕ್ಕೆ ಗಾಳಿ ಮಳೆ, ಕರೆಂಟ್ ಹೋಯಿತು. ಬ್ಯಾಟರಿ ನೋಡಿದರೆ 22%. ಹನ್ನೊಂದಕ್ಕೆ ಮನೆ ಕತ್ತಲು.

ಆ ರಾತ್ರಿ ಕೂತು ಯೋಚಿಸಿದೆ. ನೆಟ್ ಮೀಟರ್ ಇರುವ ಮನೆಯಲ್ಲಿ ಹಗಲು ಹೊರಗೆ ಕಳಿಸಿದ ಒಂದು ಯೂನಿಟ್ಟಿಗೆ ಬದಲು ರಾತ್ರಿ ಒಂದು ಯೂನಿಟ್ ವಾಪಸ್ ಸಿಗುತ್ತದೆ, ಪೂರ್ತಿಯಾಗಿ. ಅದೇ ಯೂನಿಟ್ಟನ್ನು ಬ್ಯಾಟರಿಗೆ ಹಾಕಿ ತೆಗೆದರೆ ಹತ್ತರಲ್ಲಿ ಒಂದು ಭಾಗ ದಾರಿಯಲ್ಲೇ ಸೋರಿಹೋಗುತ್ತದೆ, ಬ್ಯಾಟರಿಯ ಆಯಸ್ಸೂ ಸವೆಯುತ್ತದೆ. ಅಂದರೆ ದಿನಾ ಬಳಸುವ ಬ್ಯಾಟರಿ ನಮಗೆ ಪೈಸೆ ಉಳಿಸುತ್ತಿರಲಿಲ್ಲ. ಮೇಲಿಂದ ಬೇಕಾದಾಗ ಖಾಲಿ. ದುಡ್ಡಿನ ಲೆಕ್ಕಕ್ಕೆ ಹೊರಗಿನ ಲೈನೇ ನಮ್ಮ ಬ್ಯಾಟರಿ. ಮನೆಯೊಳಗಿನ ಬ್ಯಾಟರಿ ಕರೆಂಟ್ ಹೋದ ಹೊತ್ತಿಗೆ ಮಾತ್ರ.

ಮರುದಿನವೇ ಸೆಟ್ಟಿಂಗ್ ಬದಲಿಸಿದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಲೈನ್ ಇದ್ದಾಗ ಬ್ಯಾಟರಿ 90%ಕ್ಕಿಂತ ಕೆಳಗೆ ಇಳಿಯಬಾರದು. ಬಿಸಿಲಿಲ್ಲದಿದ್ದರೆ ಲೈನಿನಿಂದಲೇ ತುಂಬಿಕೊಳ್ಳಲಿ. ಬೇಸಿಗೆಯಲ್ಲಿ 50% ಸಾಕು.

ವೈರಿಂಗ್‌ನಲ್ಲೂ ಒಂದು ತಪ್ಪಾಗಿತ್ತು. ಬಾವಿಯ ಒಂದು ಎಚ್‌ಪಿ ಪಂಪನ್ನೂ ಬ್ಯಾಕಪ್‌ಗೆ ಸೇರಿಸಿದ್ದರು. ಮೋಟಾರ್ ಶುರುವಾಗುವ ಕ್ಷಣದಲ್ಲಿ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಒಂದು ಸಲ ಸ್ವಿಚ್ ಹಾಕಿದ್ದಕ್ಕೆ ಮನೆಯೆಲ್ಲ ಟ್ರಿಪ್. ಈಗ ಬ್ಯಾಕಪ್‌ಗೆ ಬೇರೆಯೇ ಒಂದು ಡಿಬಿ, ಅಂದರೆ ವೈರುಗಳನ್ನು ಹಂಚುವ ಸ್ವಿಚ್ ಪೆಟ್ಟಿಗೆ ಇದೆ. ಅದರಲ್ಲಿ ಫ್ರಿಜ್, ದೀಪಗಳು, ಮೂರು ಫ್ಯಾನ್, ವೈಫೈ, ಮಿಕ್ಸಿಯ ಸಾಕೆಟ್ ಅಷ್ಟೇ. ಪಂಪ್, ಗೀಸರ್, ವಾಷಿಂಗ್ ಮೆಷಿನ್ ಹೊರಗೆ. ಈ ಸಣ್ಣ ಡಿಬಿಗೆ ದಿನಕ್ಕೆ ಎರಡು, ಎರಡೂವರೆ ಯೂನಿಟ್ ಸಾಕು.

ಈ ಅಂಕಿ ಯಾಕೆ ಮುಖ್ಯ ಅಂದರೆ, ನಮ್ಮಲ್ಲಿ ಕರೆಂಟ್ ಹೋಗುವುದೇ ಬಿಸಿಲಿಲ್ಲದ ದಿನ. ಮರ ಬೀಳುತ್ತದೆ, ತಂತಿ ಹರಿಯುತ್ತದೆ, ಎರಡು ಮೂರು ದಿನ ಕತ್ತಲು. ಜಡಿಮಳೆಯ ದಿನ ಆರೂ ಪ್ಯಾನಲ್ ಸೇರಿ ಕೊಡುವುದು ಎರಡೇ ಯೂನಿಟ್. ಮಾರ್ಚ್‌ನಲ್ಲಿ ದಿನಕ್ಕೆ ಬರುತ್ತಿದ್ದ ಹದಿಮೂರು ಹದಿನಾಲ್ಕು ಯೂನಿಟ್ಟನ್ನು ನೆನೆಸಿಕೊಂಡು ಬ್ಯಾಟರಿ ಲೆಕ್ಕ ಹಾಕಬಾರದು. ಈ ಎರಡು ಯೂನಿಟ್ ಇಟ್ಟುಕೊಂಡೇ ಹಾಕಬೇಕು.

ನೋಡಿಕೊಳ್ಳುವ ಕೆಲಸ ಕಷ್ಟವಲ್ಲ, ಆದರೆ ಇದೆ. ಪ್ಯಾನಲ್‌ನ ಕೆಳಗಿನ ಅಂಚಿನಲ್ಲಿ ನೀರು ನಿಂತು ಬೆರಳಗಲ ಪಾಚಿ ಕಟ್ಟುತ್ತದೆ. ಮೆತ್ತನೆ ಬಟ್ಟೆಯಿಂದ ಬೆಳಿಗ್ಗೆ ತಂಪು ಹೊತ್ತಲ್ಲಿ ಒರೆಸುತ್ತೇನೆ. ಕಾದ ಗಾಜಿಗೆ ತಣ್ಣೀರು ಎರಚಬಾರದು. ಪೂರ್ವಕ್ಕಿದ್ದ ತೆಂಗಿನ ಎರಡು ಗರಿಯ ನೆರಳು ಒಂದೇ ಪ್ಯಾನಲ್ ಮೇಲೆ ಬೀಳುತ್ತಿತ್ತು, ಆದರೆ ಬೆಳಗಿನ ಉತ್ಪಾದನೆಯೆಲ್ಲ ಕುಸಿಯುತ್ತಿತ್ತು. ಗರಿ ಕಡಿಸಿದ ದಿನವೇ ವ್ಯತ್ಯಾಸ ಕಂಡಿತು.

ಸಿಡಿಲಿನ ವಿಷಯದಲ್ಲಿ ಮಾತ್ರ ಉಳಿತಾಯ ನೋಡಬೇಡಿ. ನಮ್ಮಲ್ಲಿ ಮೂರು ಅರ್ತಿಂಗ್ ಗುಂಡಿ: ಸಿಡಿಲು ವಾಹಕಕ್ಕೆ ಒಂದು, ಪ್ಯಾನಲ್ ಕಡೆಗೆ ಒಂದು, ಮನೆ ಕಡೆಗೆ ಒಂದು. ಇನ್ವರ್ಟರ್ ಪಕ್ಕದ ಪೆಟ್ಟಿಗೆಯಲ್ಲಿ ಎಸ್‌ಪಿಡಿ ಅಂತ ಬೆರಳುದ್ದದ ಒಂದು ವಸ್ತು ಇರುತ್ತದೆ, ಅದರಲ್ಲಿ ಸಣ್ಣ ಹಸಿರು ಕಿಟಕಿ. ಮೇ ತಿಂಗಳ ಒಂದು ಸಂಜೆ ಹತ್ತಿರದಲ್ಲೇ ಸಿಡಿಲು ಬಡಿದು ಕಿಟಕಿ ಕೆಂಪಾಗಿತ್ತು. ಅದು ತಾನು ಸುಟ್ಟುಕೊಂಡು ಇನ್ವರ್ಟರನ್ನು ಉಳಿಸಿತ್ತು. ಬದಲಿಸಲು ಕೆಲವು ಸಾವಿರ ಆಯಿತು. ಗುಡುಗಿನ ಮಳೆ ನಿಂತ ಮೇಲೆ ಆ ಕಿಟಕಿ ನೋಡುವುದು ಈಗ ನನಗೆ ಅಭ್ಯಾಸ.

ಜುಲೈ ಕೊನೆಯಲ್ಲಿ ನಿಜವಾದ ಪರೀಕ್ಷೆ ಬಂತು. ಮಂಗಳವಾರ ಸಂಜೆ ಹೋದ ಕರೆಂಟ್ ಗುರುವಾರ ಸಂಜೆವರೆಗೆ ಬರಲಿಲ್ಲ. ಬುಧವಾರ ಬೆಳಿಗ್ಗೆ ಬ್ಯಾಟರಿ 64%. ಹಗಲೆಲ್ಲ ಮೋಡ, ಆದರೂ ಎರಡು ಯೂನಿಟ್ ಬಂತು. ಗುರುವಾರ ಬೆಳಿಗ್ಗೆ 51%. ಫ್ರಿಜ್‌ನಲ್ಲಿ ಹಾಲು ಕೆಡಲಿಲ್ಲ. ಅತ್ತೆ ಪತ್ರೊಡೆಗೆ ಅಕ್ಕಿ ಮಸಾಲೆ ರುಬ್ಬಿದರು. ಅಕ್ಕಪಕ್ಕದವರ ಎಂಟು ಹತ್ತು ಮೊಬೈಲ್ ನಮ್ಮ ಜಗಲಿಯಲ್ಲೇ ಚಾರ್ಜ್ ಆದವು. ನೀರು ಮಾತ್ರ ಬಾವಿಯಿಂದ ಸೇದಿದೆವು.

ಗುರುವಾರ ಮಧ್ಯಾಹ್ನ ಲೈನ್‌ಮನ್ ಬಂದರು, ರೇನ್‌ಕೋಟಿನಿಂದ ನೀರಿಳಿಯುತ್ತಿತ್ತು. ನಮ್ಮ ದೀಪ ನೋಡಿ ಅಂಗಳದಲ್ಲೇ ನಿಂತು, "ಅಕ್ಕಾ, ನಿಮ್ಮ ಸೋಲಾರ್ ಲೈನಿಗೆ ಬರ್ತಿಲ್ಲ ತಾನೇ?" ಅಂದರು. ಒಳಗೆ ಕರೆದು ಇನ್ವರ್ಟರಿನ ಪರದೆ ತೋರಿಸಿದೆ. ಗ್ರಿಡ್ ಅಂತಿದ್ದ ಕಡೆ ಸೊನ್ನೆ. ಆಮೇಲೆ ಕೆಳಗಿಳಿದು ಮೀಟರ್ ಹತ್ತಿರದ ಮೇನ್ ಸ್ವಿಚ್ಚನ್ನೂ ಅವರೆದುರಿಗೇ ತೆಗೆದೆ. ಅವರು ಅದನ್ನು ತಾವೊಮ್ಮೆ ಮುಟ್ಟಿ ನೋಡಿ, ಅತ್ತೆ ಕೊಟ್ಟ ಕಾಫಿ ಕುಡಿದು, ಹೋಗಿ ಕಂಬ ಹತ್ತಿದರು.