ಬೂದು ಮಂಜು ಬಿಳಿಯಾದ ಬಗೆ: ನನ್ನ ಅನುಭವ

ಲಿಂಗನಮಕ್ಕಿ ಹಿನ್ನೀರಿನಲ್ಲಿ ಒಣಗಿ ನಿಂತ ಒಂದು ಮರ, ಅದರ ಸುತ್ತ ಬರೀ ಮಂಜು. ಇಷ್ಟೇ ಇರುವ ಕಪ್ಪು-ಬಿಳುಪು ಚಿತ್ರವೊಂದು ಕಳೆದ ಡಿಸೆಂಬರಿನಲ್ಲಿ ನಾನು ಅಂದುಕೊಂಡಂತೆಯೇ ಕಾಗದದ ಮೇಲೆ ಇಳಿಯಿತು. ಮೂರು ಚಳಿಗಾಲ ಹಿಡಿದ ಕೆಲಸವಿದು. ಮೊದಲ ವರ್ಷದ ಚಿತ್ರಗಳನ್ನು ನೋಡಿದ ಹಿರಿಯರೊಬ್ಬರು, "ಇದರಲ್ಲಿ ಏನೂ ಇಲ್ಲವಲ್ಲ, ಒಂದು ದೋಣಿಯಾದರೂ ಬೇಡವೇ?" ಎಂದು ಕೇಳಿದ್ದರು. ಅದೇ ಚೌಕಟ್ಟಿನ ಪ್ರಿಂಟನ್ನು ಈಗ ಅವರೇ ಕೇಳಿ ಪಡೆದಿದ್ದಾರೆ.

ಮೊದಲ ವರ್ಷ ಕ್ಯಾಮೆರಾದ ಬೆಳಕಳೆಯುವ ಮೀಟರನ್ನು ನಂಬಿ ಕೆಟ್ಟೆ, ಅದು ಬಿಳಿಯನ್ನೂ ನಡುಬೂದು ಎಂದೇ ಎಣಿಸುತ್ತದೆ. ಮಂಜೆಲ್ಲ ಒಲೆಯ ಬೂದಿಯಂತೆ ಬಂದಿತು. ಮರುವರ್ಷ ಮೀಟರು ಹೇಳಿದ್ದಕ್ಕಿಂತ ಎರಡು ಸ್ಟಾಪ್ ಏರಿಸಿದೆ (ಒಂದು ಸ್ಟಾಪ್ ಏರಿಸಿದರೆ ಬೆಳಕು ಇಮ್ಮಡಿ). ಪರದೆಯ ಮೇಲೆ ಬೆಳ್ಳಗೆ ಚೆನ್ನಾಗಿಯೇ ಕಂಡ ಚಿತ್ರಗಳು ಪ್ರಿಂಟಾದಾಗ ಮಂಜಿದ್ದ ಕಡೆ ಶಾಯಿಯೇ ಬೀಳದೆ, ಹೊಳಪಿನ ಕಾಗದದ ಮೇಲೆ ಬೋಳು ತೇಪೆಗಳಾಗಿ ಉಳಿದವು, ಚಿತ್ರ ಎಲ್ಲಿ ಮುಗಿದು ಅಂಚು ಎಲ್ಲಿ ಶುರುವಾಯಿತೆಂದೇ ತಿಳಿಯಲಿಲ್ಲ. ಆ ಒಂದು ಕಂತಿಗೇ ಸುಮಾರು ಒಂಬತ್ತು ಸಾವಿರ ರೂಪಾಯಿ ಹೋಯಿತು. ಈಗ ಒಂದರಿಂದ ಒಂದೂವರೆ ಸ್ಟಾಪ್‌ನೊಳಗೆ ನಿಲ್ಲಿಸಿ, ರಾ ಕಡತವನ್ನು (ಕ್ಯಾಮೆರಾ ಸೆರೆಹಿಡಿದ ಕಚ್ಚಾ ಚಿತ್ರ) ಛಾಯೆಗಳ ಮೆಟ್ಟಿಲು ಹೆಚ್ಚಿರುವ 16 ಬಿಟ್‌ನಲ್ಲೇ ತಿದ್ದಿ, ಅತಿ ಬಿಳಿಯ ಜಾಗವೂ (0 ಎಂದರೆ ಕಪ್ಪು, 255 ಎಂದರೆ ಅಪ್ಪಟ ಬಿಳಿ ಎಂಬ ಅಳತೆಯಲ್ಲಿ) 243ರ ಆಸುಪಾಸನ್ನು ದಾಟದಂತೆ ನೋಡಿಕೊಳ್ಳುತ್ತೇನೆ. ಕಾಗದ ಹೊಳಪಿಲ್ಲದ ಹತ್ತಿಯದು. ಎ3 ಅಳತೆಯ ಒಂದು ಪ್ರಿಂಟಿಗೆ ಸಾವಿರದ ಮೇಲೆಯೇ ಬೀಳುತ್ತದೆ, ಆದರೆ ಮಂಜಿನ ಮೃದುತ್ವ ಅದರಲ್ಲಿ ಮಾತ್ರ ನಿಂತಿತು. ಬಿಳಿಯಿಂದ ಬೂದು ಬಣ್ಣಕ್ಕೆ ಇಳಿಯುವ ಕಡೆ ಪಟ್ಟೆ ಏಳದಂತೆ ಸಣ್ಣ ಗ್ರೇನ್ (ಮರಳಿನಂಥ ನವಿರು ಚುಕ್ಕೆಗಳು) ಬೆರೆಸುತ್ತೇನೆ. ಎಷ್ಟು, ಯಾವ ಹಂತದಲ್ಲಿ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಈ ಹಂಬಲ ಹತ್ತಿದ್ದು ಬ್ರಿಟಿಷ್ ಛಾಯಾಗ್ರಾಹಕ ಮೈಕೇಲ್ ಕೆನ್ನಾ ಅವರು ಜಪಾನಿನ ಹೊಕ್ಕೈಡೊ ದ್ವೀಪದ ಹಿಮದಲ್ಲಿ ತೆಗೆದ ಮರಗಳನ್ನು ನೋಡಿ. ಆದರೆ ಬಿದ್ದ ಹಿಮ ಕದಲದೆ ಕಾಯುತ್ತದೆ, ನಮ್ಮ ಮಂಜು ಕಾಯುವುದಿಲ್ಲ. ಹಿಂದಿನ ರಾತ್ರಿ ನಕ್ಷತ್ರಗಳು ಸ್ಪಷ್ಟವಾಗಿ ಕಂಡು ಗಾಳಿ ನಿಂತಿದ್ದರೆ ಮಾತ್ರ ನಂಬಿ ಹೊರಡಬಹುದು. ಮೋಡ ಕವಿದ ರಾತ್ರಿಗಳ ಮರುದಿನ ಮೂವತ್ತು ಕಿಲೋಮೀಟರು ಹೋಗಿ ಬರಿಗೈಯಲ್ಲಿ ಬಂದದ್ದು ಲೆಕ್ಕವಿಲ್ಲ. ಮೂರು ವರ್ಷಗಳಲ್ಲಿ ಅರವತ್ತು ಬೆಳಗುಗಳಾದರೂ ಹೋಗಿರಬೇಕು. ಕೈಗೆ ದಕ್ಕಿದವು ಏಳೋ ಎಂಟೋ. ಬಿಸಿಲು ತಾಗಿ ಮಂಜು ಹರಿಯತೊಡಗುವ ಹತ್ತು ನಿಮಿಷಗಳಲ್ಲಿ, ಹಿಂದಿನ ಗುಡ್ಡ ಇನ್ನೂ ಕಾಣದೆ ಮುಂದಿನ ಕೊಂಬೆಯ ತುದಿಗಳು ಮಾತ್ರ ಬಿಡಿಬಿಡಿಯಾಗಿ ಕಾಣಬೇಕು, ಆಗಲೇ ಒತ್ತಬೇಕು. ಆಟೋಫೋಕಸ್ ಅಲ್ಲಿ ತಡಕಾಡುತ್ತದೆ, ಫೋಕಸನ್ನು ಕೈಯಲ್ಲೇ ಕೂಡಿಸಬೇಕು.

ನಡುವೆ ಲೆನ್ಸಿನ ಮುಂದೆ ಹಾಕುವ ಕೆಂಪು ಫಿಲ್ಟರನ್ನೂ ಪರೀಕ್ಷಿಸಿದೆ. ದೂರದ ಬೆಟ್ಟದ ಮಬ್ಬನ್ನು ಅದು ಕತ್ತರಿಸುತ್ತದೆ ನಿಜ, ಆದರೆ ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಬಹಳ ದೊಡ್ಡವಾದ್ದರಿಂದ ಎಲ್ಲ ಬಣ್ಣವನ್ನೂ ಒಂದೇ ಸಮನೆ ಚದುರಿಸುತ್ತವೆ. ಮೂರು ಸ್ಟಾಪ್ ಬೆಳಕು ಹೋಯಿತೇ ಹೊರತು ಗಳಿಸಿದ್ದೇನೂ ಇಲ್ಲ. ಮಂಜಿಲ್ಲದ ಒಂದು ವಾರ ನಮ್ಮ ಅಡಿಕೆ ಬೇಯಿಸುವ ಒಲೆಯ ಹೊಗೆ ತೋಟದ ಮೇಲೆ ಹಬ್ಬಿದಾಗಲೂ ತೆಗೆದು ನೋಡಿದೆ. ಹೊಗೆ ಎಳೆಎಳೆಯಾಗಿ ಏಳುತ್ತದೆ, ಮಂಜಿನಂತೆ ಸಮನಾಗಿ ಮುಚ್ಚುವುದಿಲ್ಲ. ಆ ಚಿತ್ರಗಳನ್ನು ಬಿಟ್ಟುಬಿಟ್ಟೆ.

ಎಲ್ಲಕ್ಕಿಂತ ದುಬಾರಿಯಾದದ್ದು ಲೆನ್ಸಿಗೆ ಬಂದ ಫಂಗಸ್. ತಣ್ಣಗಾದ ಕ್ಯಾಮೆರಾವನ್ನು ಹಾಗೆಯೇ ಬೆಚ್ಚಗಿನ ಒಳಮನೆಗೆ ತಂದಿಡುತ್ತಿದ್ದೆ, ಗಾಜಿನ ಮೇಲೆ ನೀರು ಕೂಡುತ್ತಿತ್ತು, ಅದನ್ನು ಒಣಗಿಸದೆ ಚೀಲದಲ್ಲಿ ತುರುಕುತ್ತಿದ್ದೆ. ಸ್ವಚ್ಛಗೊಳಿಸಲು ನಾಲ್ಕೂವರೆ ಸಾವಿರ ತೆತ್ತೆ. ಈಗ ಹೊರಗೇ ಚೀಲದ ಜಿಪ್ ಹಾಕಿ, ಒಳಗೆ ತಂದ ಮೇಲೂ ಒಂದು ಗಂಟೆ ತೆರೆಯದೆ ಜಗಲಿಯಲ್ಲೇ ಇಡುತ್ತೇನೆ.